ಮಾರಿಯನ್ನು ನೆಲಕ್ಕಿಳಿಸಿದ್ದು

ಒಂದು ವಾಯುನೆಲೆಯಲ್ಲಿ ಒಂದು ಬಗೆಯ ವಿಮಾನವಿತ್ತು. ಯುದ್ಧದ ಕಾಲ. ಬಾಂಬು ಹಾಕುವ ವಿಮಾನ; ಗಿಡ್ಡ ರೆಕ್ಕೆ, ದಪ್ಪ ಹೊಟ್ಟೆ. ಅದು ಮಾಡುತ್ತಿದ್ದ ಕೆಲಸವನ್ನು ನಾನು ಈ ಚರ್ಚಿನಲ್ಲಿ ನಿಂತು ಹೊಗಳಲಾರೆ. ಆದರೆ ಅದರ ಕಥೆ ನಮಗೆ ಬೇಕು.

ಎಲ್ಲರೂ ಅದನ್ನು 'ಮಾರಿ' ಎನ್ನುತ್ತಿದ್ದರು. ಏಕೆ? ಅದು ಬೀಳುತ್ತಿತ್ತು. ನೋಡಿ, ಶತ್ರುವಿನ ಗುಂಡಿಗಲ್ಲ. ಹೋಗಿ, ಕೆಲಸ ಮುಗಿಸಿ, ಮನೆಗೆ ಬಂದು ಇಳಿಯುವಾಗ ಬೀಳುತ್ತಿತ್ತು. ಹಾಗಾಗಿ ಅಲ್ಲೊಂದು ಪದ್ಧತಿ ಬೆಳೆಯಿತು. ಮಾರಿಯನ್ನು ಹತ್ತುವವನು ತನ್ನ ವಸ್ತುಗಳನ್ನು ಗೆಳೆಯರಿಗೆ ಹಂಚಿಯೇ ಹೋಗಬೇಕು.

ಇದನ್ನು ಹೇಳಿದವರು ನಮ್ಮ ಜತ್ತನ್ನ ಅಜ್ಜ. ಮಾರಿಯ ಹಿಂದಿನ ಸೀಟಿನಲ್ಲಿ ಬಂದೂಕು ಹಿಡಿದು ಕುಳಿತಿದ್ದವರು. ಭಾನುವಾರದ ಆರಾಧನೆ ಮುಗಿದ ಮೇಲೆ ಹೊರಗಿನ ಈ ಜಗಲಿಯಲ್ಲೇ, ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಹೇಳುತ್ತಿದ್ದರು. ಆ ಸ್ವರ ನಿಮ್ಮಲ್ಲಿ ಕೆಲವರ ಕಿವಿಯಲ್ಲಿ ಇನ್ನೂ ಇರಬಹುದು.

ಅವರ ಪೈಲಟ್ ಮೈಸೂರು ಕಡೆಯ ತರುಣ. ಮಾರಿಯೊಂದಿಗೆ ಅವನ ಮೊದಲ ಹಾರಾಟ. ಸ್ವೆಟರ್ ಒಬ್ಬನಿಗೆ, ಕನ್ನಡಿ ಒಬ್ಬನಿಗೆ ಕೊಟ್ಟ.

"ಲೋ, ಬೂಟೂ ಬಿಚ್ಚಿ ಕೊಟ್ಹೋಗೋ. ಆಮೇಲೆ ಎಲ್ಲಿ ಅಂತ ಹುಡುಕ್ಲಿ?" ಎಂದ ಗೆಳೆಯ.

ಎಲ್ಲರೂ ನಕ್ಕರು. ತರುಣನೂ ನಕ್ಕ. ನಗು ಬಾಯಲ್ಲಿತ್ತು, ಭಯ ಕೈಗೆ ಇಳಿದಿತ್ತು.

ಹೋದರು, ಮರಳಿದರು. ನೆಲ ಕಂಡಿತು. ತರಬೇತಿಯಲ್ಲಿ ಎಲ್ಲರಿಗೂ ಹೇಳಿದ್ದರು: ರೆಕ್ಕೆ ಗಿಡ್ಡ, ಇಳಿಯುವಾಗಲೂ ವೇಗ ಬೇಕು, ವೇಗ ತಗ್ಗಿದರೆ ಕಲ್ಲಿನಂತೆ ಬೀಳುತ್ತದೆ. ಗೊತ್ತಿರಲಿಲ್ಲವೇ? ಗೊತ್ತಿತ್ತು! ಆದರೂ ಮಾರಿಯೆಂಬ ಹೆಸರಿಗೆ ಹೆದರಿ ಎಲ್ಲರೂ ಮೆಲ್ಲಗೆ ಇಳಿಸಲು ಹೋಗುತ್ತಿದ್ದರು. ಮೆಲ್ಲಗಾದದ್ದಕ್ಕೇ ಅದು ಬೀಳುತ್ತಿತ್ತು. ಬಿದ್ದಷ್ಟೂ ಹೆಸರು ಕೆಡುತ್ತಿತ್ತು. ಹೆಸರು ಕೆಟ್ಟಷ್ಟೂ ಮುಂದಿನವನು ಇನ್ನಷ್ಟು ಮೆಲ್ಲಗೆ.

ಈ ತರುಣನೂ ವೇಗ ತಗ್ಗಿಸಿದ. ವಿಮಾನ ನಡುಗಿತು. ಒಂದು ರೆಕ್ಕೆ ವಾಲಿತು.

"ಮಾರಿಗೆ ಇವತ್ತು ನಾವೇ ಬೇಕಂತೆ ಕಣೋ!" ಎಂದು ಕೂಗಿದ.

ಹಿಂದಿನಿಂದ ಜತ್ತನ್ನ ಕೂಗಿದರು: "ಅದು ಎಂತದೂ ಕೇಳ್ಲಿಲ್ಲ ಸಾರ್! ನೀವೇ ಅದರ ಕುತ್ತಿಗೆ ಹಿಡಿದದ್ದು!"

ತರುಣ ಹಲ್ಲು ಕಚ್ಚಿ ವೇಗ ಹೆಚ್ಚಿಸಿದ. ನೆಲ ಎದುರಿಗೇ ಇರುವಾಗ ವೇಗ ಹೆಚ್ಚಿಸುವುದೆಂದರೆ ಏನು, ಯೋಚಿಸಿ! ವಾಲಿದ್ದ ರೆಕ್ಕೆ ಎದ್ದಿತು. ಚಕ್ರ ನೆಲ ಮುಟ್ಟಿತು. ರನ್‌ವೇಯ ಕೊನೆಯ ಹುಲ್ಲಿನವರೆಗೂ ಓಡಿ, ವಿಮಾನ ನಿಂತಿತು. ತರುಣ ಇಳಿದು, ಅದರ ಬಿಸಿ ಮೂತಿಯ ಮೇಲೆ ಕೈಯಿಟ್ಟು, "ನಿಂದೇನೂ ತಪ್ಪಿಲ್ಲ ಬಿಡಮ್ಮ" ಎಂದ.

"ಯುದ್ಧ ಮುಗಿದ ಮೇಲೆ ಅದನ್ನು ಗುಜರಿಗೆ ಹಾಕಿದ್ರು ಮಾರಾಯ್ರೆ," ಎನ್ನುತ್ತಿದ್ದರು ಅಜ್ಜ. "ಎಷ್ಟು ಚಂದ ಹಾರ್ತಿತ್ತು! ಈಗ್ಲೂ ಮೇಲೆ ಶಬ್ದ ಆದ್ರೆ ಅದೇ ಬಂತಾ ಅಂತ ನೋಡ್ತೇನೆ."

ಈಗ ಹೇಳಿ, ನಿಮ್ಮ ಮನೆಯ ಮಾರಿ ಯಾರು? ಕಾಲ್ಗುಣ ಸರಿಯಿಲ್ಲವೆಂದು ನೀವು ಹೆಸರಿಟ್ಟ ಸೊಸೆಯೇ? ಅವಳಿಗೆ ಸೌಟು ಕೊಟ್ಟು, ಉಪ್ಪಿನ ಡಬ್ಬಿ ಹಿಡಿದು ಬೆನ್ನ ಹಿಂದೆ ನಿಲ್ಲುತ್ತೀರಿ. ಒಮ್ಮೆ ಎಡವಿದ ತಮ್ಮನೇ? ಅಂಗಡಿ ನೋಡಿಕೋ ಎನ್ನುತ್ತೀರಿ, ಬೀಗದ ಕೈ ಕೊಡುವುದಿಲ್ಲ. ಅವರ ಕೈ ನಡುಗಿದಾಗ 'ನಾನು ಆಗಲೇ ಹೇಳಲಿಲ್ಲವೇ?' ಎನ್ನುತ್ತೀರಿ. ನಡುಗಿಸಿದವರು ಯಾರು?

ಅರ್ಧ ವೇಗಕ್ಕೆ ಮಾರಿ ಬೀಳುತ್ತಿತ್ತು; ಅರ್ಧ ನಂಬಿಕೆ ಸಾಕು ಎನ್ನಬೇಡಿ. ನಾಳೆ ಬೆಳಿಗ್ಗೆ ಬೀಗದ ಕೈಯನ್ನು ತಮ್ಮನಿಗೆ ಕೊಟ್ಟುಬಿಡಿ. ಸೊಸೆ ಒಲೆಯ ಮುಂದೆ ನಿಂತಾಗ ಅಡುಗೆಮನೆಯಿಂದ ಹೊರಗೆ ಬನ್ನಿ. ಸಾರು ಕೆಟ್ಟಿತೇ? ಆ ಕೆಟ್ಟ ಸಾರನ್ನೇ ಉಣ್ಣಿ. ಏನೂ ಹೇಳದೆ ಉಣ್ಣಿ.