ಕುಂಚಿಗಿ ಒಳಗಿನ ಲೆಕ್ಕ

ಏಳ್ರಿ ಅತ್ತಿ. ಏಳ್ರಿ ಅಂದೆನಲ್ಲಾ! ಇಡೀ ಮನ್ಯಾಗ ಈ ಬಾಣಂತಿ ಮಂಚಾ ಒಂದಽ ಉಳದೈತಿ ನೋಡಾಕ. ಹಾಸಿಗಿ ಎತ್ತಬೇಕು, ಬಾಜೂಕ ಸರೀರಿ... ಏನಿಲ್ರಿ, ಕೂಸಿನ ಲಸಿಕಿ ಕಾರ್ಡು. ದವಾಖಾನ್ಯಾಗ ಕೇಳಾಕತ್ತಾರ. ಅದಕ್ಕಽ ಹುಬ್ಬಳ್ಳಿಯಿಂದ ಈ ಕೆಲಗೇರಿ ತನಕ ಗಾಡಿ ಹಾರಿಸಿಕೊಂಡು ಬಂದೇನಿ. ಹಂಗ್ಯಾಕ ನೋಡತೀರಿ? ಕಾರ್ಡ್ ಹುಡುಕಾವ ಅಡಗಿಮನ್ಯಾಗಿನ ಹಿಟ್ಟಿನ ಡಬ್ಬಿ ಯಾಕ ಸುರುವಿದಾ ಅಂತನಾ? ನಿಮ್ಮ ಮಗಳು ಮೆರ್ಲಿನ್ ಏನ್ ಎಲ್ಲಿ ಇಡತಾಳಂತ ಆ ದೇವರಿಗೂ ಗೊತ್ತಿರಂಗಿಲ್ಲ, ಅದಕ್ಕ!

ಈಳಗಿ ಎಲ್ಲೈತಿ? ಹಾಂ, ಇಲ್ಲೈತಿ... ಅಯ್ಯ, ಹಿಂದ ಯಾಕ ಸರಿದ್ರಿ? ನಿಮಗಲ್ರಿ! ಹೆದರಬ್ಯಾಡ್ರಿ. ಗಾದಿ ಹರೀತೇನಿ. ಬಾಣಂತೇರು ಗಾದಿ ಹೊಲಗಿ ಬಿಚ್ಚಿ ಒಳಗ ಇಡತಾರ, ನಮ್ಮವ್ವನೂ ಇಡತಿದ್ಲು... ಹೋಗ್ಲಿ ಅತ್ಲಾಗ, ಹತ್ತಿ ಹಾರಿದ್ರ ಹಾರ್ಲಿ. ಇಲ್ಲೂ ಇಲ್ಲ. ಇಲ್ಲೂ ಇಲ್ಲ! ಥೂ!

ಮಾತಾಡ್ರಿ ಅತ್ತಿ, ನಿಮ್ಮ ಕಾಲ ಬೀಳತೇನಿ. ಎರಡು ದಿನಾ ಆತು ನೀವು ನನ್ನ ಕೂಡ ತುಟಿ ಬಿಚ್ಚಿಲ್ಲ. ಡಾಕ್ಟರ ಮುಂದ ನಾ ಹಂಗ ಅಂದೆ ಅಂತ ಸಿಟ್ಟು. 'ನಮ್ಮತ್ತಿ ಕೂಸಿಗೆ ಏನೇನರ ಮನಿಮದ್ದು ಹಚ್ಚತಾರ್ರಿ' ಅಂದೆ. ಅಂದೆ, ಏನಾತೀಗ? ಸುಳ್ಳಾ? ಬೆಳ್ಳೊಳ್ಳಿ ಎಣ್ಣಿ ತಿಕ್ಕಿಲ್ಲಾ ನೀವು? ಬಜಿ ತೇದು ನೆಕ್ಕಿಸಿಲ್ಲಾ? ಈ ಅಗ್ಗಿಷ್ಟಗಿ... ಇದಽ, ಇದರಾಗ ಕೆಂಡಾ ಹಾಕಿ, ಲೋಬಾನ ಹಾಕಿ, ಮೂರು ತಿಂಗಳ ಕೂಸಿನ್ನ ಹೊಗಿ ಮ್ಯಾಲ ಹಿಡದಿಲ್ಲಾ? ಹಿಡದೀರಿ! ಇದಽ ಇದರ ಗತಿ, ನೋಡ್ರಿ!

...ಒಡೀತು. ಒಡೀಲಿ. ಬೂದಿ ಬಳೀಬ್ಯಾಡ್ರಿ, ಹೆಂಚಿನ ಚೂರು ಕೈಗೆ ಹತ್ತತಾವು. ಬಿಡ್ರಿ ಅಂದ್ರ! ಕಸಾ ಬಳಕೋತ ಕುಂತಾರ. ಎಂಥಾ ಹೆಣಮಗಳ್ರಿ ನೀವು!

ಏನ್ ನೋಡಾಕತ್ತೀರಿ? ಅಂಗೀನಾ? ಹೂಂ, ರಕ್ತ. ನಂದಲ್ಲ. ಶಿವಯೋಗೀಶಂದು, ನಮ್ಮ ಸಾಹೇಬಂದು. ಮುಂಜಾನೆ ಆಫೀಸಿಗೆ ಹೋಗಿ ಬಡದೆ. ಖುರ್ಚಿ ಸಮೇತ ಕೆಡವಿ ಬಡದೆ. ಮೂಗಿನ ಎಲುಬು ಲಟಕ್ ಅಂತು, ಕೈಯಾಗ ತಿಳೀತು ನನಗ. ನನ್ನ ಬಾಜೂಕ ಕುಂತು ಕೆಲಸ ಮಾಡೂ ಕಪಿಲ ಬಿಡಸಾಕ ಬಂದ, ಅವಗೂ ಒಂದು ಬಿತ್ತು. ಇನ್ನೂ ಹೊಡೀತಿದ್ದೆ. ಮಂದಿ ಹಿಡಕೊಂಡ್ರು.

ಯಾಕಂದ್ರ... ಯಾಕಂದ್ರ ವಿಷಾ ಪಾಸ್ ಮಾಡಿದಾಂವ ಅಂವ! ನಿಮಗ ನಮ್ಮ ಕೆಲಸ ಏನಂತ ಯಾವತ್ತೂ ತಿಳೀಲಿಲ್ಲ. 'ನಮ್ಮಳಿಯ ಕಂಪ್ಯೂಟರ್ ಮಾಡತಾನ' ಅಂತ ಚರ್ಚಿನ ಸಭಾದಾಗ ಎಲ್ಲಾರ ಮುಂದ ಹೇಳಿದ್ರಿ, ಮುಗೀತು. ಕೇಳ್ರಿ ಇವತ್ತು. ಸೋಪು, ಶಾಂಪು, ಮುಲಾಮು, ನೆಲಾ ಒರಸೂ ಎಣ್ಣಿ, ಯಾವ ಕಂಪನಿಯವರು ಏನ ಮಾಡಿದ್ರೂ ಅಂಗಡಿಗೆ ಇಡೂದಕ್ಕಿಂತ ಮೊದಲ ನಮ್ಮ ಕಡೆ ಕಳಸತಾರ. ನಾವು ಕಂಪ್ಯೂಟರಿನಾಗ ಒಂದು ಮನಷ್ಯಾನ್ನ ಮಾಡತೇವಿ. ತೂಕ ಇಷ್ಟು, ಚರ್ಮ ಇಷ್ಟು, ಉಸರು ಇಷ್ಟು. ಕೂಸು ಬೇಕಂದ್ರ ಕೂಸಿನ್ನೂ ಮಾಡತೇವಿ. ಅಳಂಗಿಲ್ಲ, ಹಾಲು ಕುಡ್ಯಂಗಿಲ್ಲ, ಬರೇ ಅಂಕಿ. ಅದಕ್ಕ ಮುಲಾಮು ಹಚ್ಚತೇವಿ. ಎಲ್ಲೆ ಹಚ್ಚಿದ್ರು, ಎಷ್ಟ ಹಚ್ಚಿದ್ರು, ದಿನಕ್ಕ ಎಷ್ಟ ಸಲ ಹಚ್ಚಿದ್ರು, ಅದೆಲ್ಲಾ ತುಂಬಿದ್ರ, ರಾಸಾಯನಿಕ ಮೈಯೊಳಗ ಎಷ್ಟ ಇಳೀತು ಅಂತ ಅದು ಲೆಕ್ಕಾ ಹೇಳತೈತಿ. ಹಸರು ಬಂದ್ರ ಪಾಸು. ಕೆಂಪು ಬಂದ್ರ ನಪಾಸು. ಇಷ್ಟಽ.

ಅದರಾಗ ಒಂದು ಪ್ರಶ್ನಿ ಬರತೈತಿ. 'ಹಚ್ಚಿದ ಮ್ಯಾಲ ಮುಚ್ಚತಾರೋ ಇಲ್ಲೋ?' ಅಂತ. ಬಟ್ಟಿ ಕಟ್ಟಿ ಮುಚ್ಚಿದ್ರ ಹಾರಿಹೋಗೂದೆಲ್ಲಾ ಹಾರಂಗಿಲ್ಲ, ಕಾವು ಹಿಡೀತೈತಿ, ಚರ್ಮದೊಳಗ ಇಳಕೋತ ಹೋಗತೈತಿ. ಶಿವಯೋಗೀಶ ಏನ್ ಮಾಡಿದಾ ಅಂದ್ರ, ಅಲ್ಲೆ 'ಇಲ್ಲ' ಅಂತ ಒತ್ತಿದ. ಈ ಊರಾಗ ಹುಟ್ಟಿ, ಇಲ್ಲೇ ಬೆಳದು, 'ಇಲ್ಲ' ಅಂತ ಒತ್ತಿದ! ನಮ್ಮ ಕಡೆ ಕೂಸಿಗೆ ಏನ ಹಚ್ಚಿದ್ರೂ ಮೊದಲ ಹಚ್ಚೂದು ನೆತ್ತಿಗೆ. ನೆತ್ತಿ ಇನ್ನೂ ಎಲುಬು ಕೂಡಿರಂಗಿಲ್ಲ, ಮೆತ್ತಗ ಡಬಡಬ ಅಂತಿರತೈತಿ, ಅದರ ಮ್ಯಾಲ ಅಂಗೈ ತುಂಬ ಬಡದು, ಕಿವಿ ಮುಚ್ಚಿ, ಬೆನ್ನ ತನಕ ಇಳಿಯೂ ಕುಂಚಿಗಿ ಕಟ್ಟಿ, ಅದರ ಮ್ಯಾಲ ಹೊಗಿ ಕಾವು. ಆ ಸಾಫ್ಟ್‌ವೇರ್ ಮಾಡಿದ ಪರದೇಶದವರಿಗೆ ಕುಂಚಿಗಿ ಏನ್ ಗೊತ್ತ್ರಿ? ಗೊತ್ತಿದ್ದಾಂವ ಹೇಳಬೇಕಿತ್ತು. ಗೊತ್ತಿದ್ದಾಂವ ಬಾಯಿ ಮುಚ್ಚಿಕೊಂಡ.

ಏನು... ಯಾವ ಮುಲಾಮು ಅಂತನಾ? ಹಂಗ್ಯಾಕ ಹುಬ್ಬು ಏರಿಸಿದ್ರಿ? ನಾ ಮುಲಾಮು ಅಂದೆನಾ? ಅಂದೆ... ಆತು, ಅಂದೆ. ಕಾರ್ಡ್ ಹುಡುಕಾಕ ಬಂದಿಲ್ರಿ ನಾನು. ಕಾರ್ಡ್ ನನ್ನ ಕಿಸೇದಾಗಽ ಐತಿ. ನಾ ಹುಡಕಾಕತ್ತಿದ್ದು ಒಂದು ಬಿಳೀ ಡಬ್ಬಿ. ಹಸರು ಮುಚ್ಚಳ, ಮ್ಯಾಲ ಚೀಟಿ ಇಲ್ಲ. ಕೂಸಿನ ಮೂಗು ಕಟ್ಟಿತ್ತಲ್ಲಾ, ಆವಾಗಿಂದು. ಎಲ್ಲಿಟ್ಟೀರಿ? ಅದರಾಗ ಕರ್ಪೂರ ಐತ್ರಿ ಅತ್ತಿ. ಆರತಿ ಬೆಳಗೂ ಅಷ್ಟಲ್ಲ, ಭಾಳ ಐತಿ. ದೊಡ್ಡವರ ಎದಿಗೆ ಒಂದಿಷ್ಟು ಸವರಿದ್ರ ನೆಗಡಿ ಬಿಡತೈತಿ. ಅದಽ ಹೆಚ್ಚಿಗಿ ಕೂಸಿನ ಮೈಯಾಗ ಇಳದ್ರ ಫಿಟ್ಸ್ ಬರತಾವು. ಬಂದಾವು!

ಕೇಳ್ರಿ, ಕೇಳ್ರಿ, ಹಂಗ ಗ್ವಾಡಿ ಹಿಡೀಬ್ಯಾಡ್ರಿ. ಡಾಕ್ಟರಿಗೆ ಗೊತ್ತಿಲ್ಲ. ಮೆದುಳು ಜ್ವರಾ ಇರಬೇಕಂತ ತಿಳದಾರ. ಅವರಿಗೂ ತಲಿ ಕೆಟ್ಟೈತಿ. ನಿನ್ನೆ ಮಧ್ಯಾಹ್ನದಿಂದ ಫಿಟ್ಸ್ ನಿಂತಿದ್ವು, ಕೂಸು ಹಾಲೂ ಕುಡೀತು. ಇವತ್ತು ಒಂಬತ್ತೂವರಿಗೆ ಮತ್ತ ಬಂದ್ವು, ಮೊದಲಿಗಿಂತ ಜೋರು. ಹನ್ನೆರಡಕ್ಕ ಬೆನ್ನಾಗ ಸೂಜಿ ಹಾಕಿ ನೀರು ತಗೀತಾರಂತ. ಈಗ ಹನ್ನೊಂದೂವರಿ. ಅದರಾಗ ಏನೂ ಸಿಗಂಗಿಲ್ಲ, ಔಷಧ ಕೊಡತಾರ, ಆರಾಮ ಆಗತೈತಿ. ಮೈಯಾಗಿಂದು ತಾನಾಗೇ ಇಳದು ಹೋಗತೈತಿ. ಡಬ್ಬಿ ಒಂದು ಯಾರ ಕೈಗೂ ಸಿಗಬಾರದು. ನೀವು ಅಲ್ಲಿ ಬಂದು ಎಣ್ಣಿ, ಬಜಿ, ಹೊಗಿ ಅಷ್ಟಽ ಹೇಳ್ರಿ. ಮುದುಕೇರಿಗೆ ಯಾರೂ ಏನೂ ಅನ್ನಂಗಿಲ್ಲ. ಬೈತಾರ, ಬಿಡತಾರ. ನನಗಾದ್ರ ಜೇಲು, ಅತ್ತಿ!

ನಗಾಕತ್ತೀರಾ? ಯಾಕ ನಗತೀರಿ? ಇಲ್ಲಿ ಕೂಸು ಸಾಯಾಕತ್ತೈತಿ, ನಿಮಗ ನಗು... ಇತ್ತ ತಿರುಗ್ರಿ. ತಿರುಗ್ರಿ ಅಂದೆ! ಡಬ್ಬಿ ಎಲ್ಲೈತಿ ಹೇಳ್ರಿ, ಇಲ್ಲಂದ್ರ ಈ ತೋಳು ಮುರೀತೇನಿ. ಹೇಳ್ರಿ! ಹೇಳ್...

...ಅಯ್ಯಯ್ಯೋ. ಬಿದ್ರಿ? ನಾ ದೂಕಿಲ್ರಿ, ಬರೇ ಹಿಡದಿದ್ದೆ... ಕಣ್ಣಿನ ಚಾಳೀಸ ಒಡೀತು. ತಡೀರಿ, ಏಳಬ್ಯಾಡ್ರಿ, ಗಾಜು ಅದಾವು. ಹಣಿಗೆ ಹತ್ತೈತಿ ನೋಡ್ರಿ, ರಕ್ತ ಬರಾಕತ್ತೈತಿ. ಅದು ನಗುವಲ್ಲೇನು... ಅಳೂದಾ ಅದು? ದನಿ ಇಲ್ಲದಽ ಅಳತೀರಿ, ನನಗ ನಗು ಅನಿಸ್ತು. ತಪ್ಪಾತು. ಹೊಡೀರಿ ನನಗ. ತೊಗೋರಿ ಈಳಗಿ, ನಿಮ್ಮ ಕೈಯಾಗ ತೊಗೋರಿ. ಬ್ಯಾಡಾ? ಹಂಗಾದ್ರ ಹಂಗ ನೋಡಬ್ಯಾಡ್ರಿ, ನನಗ ತಡಕೊಳ್ಳಾಕ ಆಗವಲ್ದು.

ನೋಡತೀರಲ್ಲಾ, ಏನಂತ ಗೊತ್ತೈತಿ ನನಗ. ನೆನಸಾಕತ್ತೀರಿ. ಹೋದ ರವಿವಾರ. ಆರಾಧನಿ ಮುಗಿಸಿ ಇಲ್ಲೇ ಊಟಕ್ಕ ಬಂದಿದ್ದೆ. ಡಬ್ಬಿ ಈ ಕಟ್ಟಿ ಮ್ಯಾಲ ಇಟ್ಟೆ. 'ಕಂಪನಿಯವರು ನಮಗ ನೋಡಾಕಂತ ಕೊಟ್ಟಾರ, ಅಂಗಡ್ಯಾಗ ಇನ್ನೂ ಬಂದಿಲ್ಲ' ಅಂತ ದೊಡ್ಡಸ್ತಿಕಿ ಹೇಳಿದೆ. ನೀವು ಮುಚ್ಚಳ ತಗದು ಮೂಸಿ ನೋಡಿದ್ರಿ. ಮೂವತ್ತು ವರ್ಷ ಮಿಶನ್ ಸಾಲ್ಯಾಗ ಗಣಿತ ಕಲಿಸಿದಾಕಿ, ಸುಮ್ನ ಬಿಡತೀರಾ? 'ಘಾಟು ಭಾಳ ಐತಿ ವಿಲಿಯಂ, ಕೂಸಿಗೆ ನಡೀತೈತೇನಪಾ?' ಅಂತ ಕೇಳಿದ್ರಿ. 'ನೆತ್ತಿಗೆ ಹಚ್ಚಿ ಕುಂಚಿಗಿ ಕಟ್ಟಿದ್ರ ನಡೀತೈತೇನು?' ಅಂತಾನೂ ಕೇಳಿದ್ರಿ. ಖರೇ, ಕೇಳಿದ್ರಿ. ಎರಡು ಸಲ ಕೇಳಿದ್ರಿ.

ನಾ ನಕ್ಕೆ. 'ಅತ್ತಿ, ನಾನಽ ಲೆಕ್ಕಾ ಹಾಕೇನಿ' ಅಂದೆ. ನೀವು ಆಮ್ಯಾಲ ಏನೂ ಕೇಳಲಿಲ್ಲ. ಲೆಕ್ಕಾ ಅಂದ್ರ ನಿಮಗ ಬೈಬಲ್ ವಾಕ್ಯ ಇದ್ದಂಗ.

ಶಿವಯೋಗೀಶ ಏನೂ ಒತ್ತಿಲ್ರಿ. ಅಂವ 'ಸಂಜಿ ಒಳಗ ಮುಗಸು' ಅಂದಿದ್ದ, ಅಷ್ಟಽ. ಮೊದಲನೇ ಸಲ ನಾ ಖರೇನಽ ತುಂಬಿದ್ದೆ. ನೆತ್ತಿ, ಮುಚ್ಚತಾರ, ದಿನಕ್ಕ ನಾಕು ಸಲ. ಕೆಂಪು ಬಂತು. ಎಂಥಾ ಕೆಂಪು! ಪರದಿ ತುಂಬ. ಮತ್ತ ತುಂಬಿದೆ, ಮತ್ತ ಕೆಂಪು. ಐದೂವರಿ ಆಗಿತ್ತು. 'ಮುಚ್ಚತಾರ' ಅಂಬೂದನ್ನ ತಗದು 'ಇಲ್ಲ' ಅಂತ ಒತ್ತಿದೆ. ಹಸರು ಬಂತು. ಬರೇ ಒಂದು ಬೆರಳ ಕೆಲಸ್ರಿ ಅತ್ತಿ. ನೀವು ಕಟ್ಟೂ ಕುಂಚಿಗಿ ನಾ ಒಂದು ಬೆರಳಿಂದ ಬಿಚ್ಚಿ ಒಗದೆ. ಸಹಿ ಹಾಕಿ, ಕಳಿಸಿ, ಚಹಾ ಕುಡದೆ. ಮತ್ತ ಏನು ಗೊತ್ತೇನ್ರಿ? ಹಸರು ನೋಡಿದ ಮ್ಯಾಲ ನನಗೂ ಹಸರಽ ಖರೇ ಅನಿಸಾಕತ್ತು. ಇಲ್ಲಂದ್ರ ನನ್ನ ಕೂಸಿಗೆ ತರತಿದ್ದೆನಾ? ನನ್ನ ನೇಥನಗ ತರತಿದ್ದೆನಾ ನಾನು!

ಮುಂಜಾನೆ ಅಂವ ಅಷ್ಟಽ ಅಂದಿದ್ದು. 'ವಿಲಿಯಂ, ಸಹಿ ನಿಂದೈತಿ' ಅಂದ. ಮೆತ್ತಗಽ ಅಂದ. ಅದಕ್ಕ ಮೂಗು ಮುರದೆ.

ಆತು. ಎಲ್ಲಾ ಹೇಳಿದೆ. ಈಗರ ಬಾಯಿ ಬಿಡ್ರಿ. ಬೈಬಲ್ ಹಿಂದ ನೋಡಿದೆ. ಬಚ್ಚಲ್ಲಾಗ ನೋಡಿದೆ. ಕಸದ ಬುಟ್ಟಿ, ಕುಂಚಿಗಿ ಇಡೂ ಪೆಟ್ಟಿಗಿ, ನಿಮ್ಮ ಸೀರಿ ಟ್ರಂಕು, ತೊಟ್ಟಿಲ ಕೆಳಗ. ಎಲ್ಲೂ ಇಲ್ಲ. ರೆಕ್ಕಿ ಬಂದು ಹಾರಿತಾ?

ಏನು? ಬಾಯಿ ತೆರದ್ರಿ, ದನಿ ಬರವಲ್ದು. ನೀರು ಕೊಡಲಾ? ಅತ್ತಿ? ಏನ್ ತೋರಸಾಕತ್ತೀರಿ? ಅಲ್ಲೇನೈತಿ? ಬಾಗಲದ ಗೂಟ. ಬರೇ ಗೂಟ ಐತಿ, ಏನೂ ಇಲ್ಲಲ್ಲ ಅಲ್ಲಿ. ಮೆರ್ಲಿನಂದು ಚೀಲಾ ಇರತಿತ್ತು ಅಲ್ಲಿ, ಆ ಹೆಣಿಕಿ ಚೀಲಾ. ಮುಂಜಾನೆ ಜಳಕಾ ಮಾಡಾಕ ಬಂದಾಕಿ ಕೂಸಿನ ಬಟ್ಟಿ ತುಂಬಿಕೊಂಡು ಒಯ್ದಾಳ...

ಬಟ್ಟಿ ಜೋಡಿ ಏನ್ ಇಟ್ರಿ?

ಅತ್ತಿ. ಬಟ್ಟಿ ಜೋಡಿ ಏನ್ ಕೊಟ್ಟು ಕಳಿಸಿದ್ರಿ? ತಲಿ ಅಲ್ಲಾಡಿಸ್ರಿ ಸಾಕು. ಕುಂಚಿಗಿ? ...ಡಬ್ಬಿ?

ಎಷ್ಟೊತ್ತಿಗೆ ಹೋದ್ಲಾಕಿ? ಎಂಟು ಬೆರಳು... ಎಂಟಕ್ಕ. ಒಂಬತ್ತಕ್ಕ ಮುಟ್ಟಿರತಾಳ. ಒಂಬತ್ತೂವರಿಗೆ... ಯೇಸಪ್ಪಾ! ನಾನಽ ಹೇಳೇನಿ ಆಕಿಗೆ. ದವಾಖಾನ್ಯಾಗ ಥಂಡಿ ಭಾಳ, ಮತ್ತ ಮೂಗು ಕಟ್ಟೈತಿ ಅಂತ ರಾತ್ರಿ ಫೋನ್ ಮಾಡಿದ್ಲು. 'ನಾ ತಂದ ಮುಲಾಮು ಛಲೋನಽ, ಅದರಿಂದ ಏನೂ ಆಗಿಲ್ಲ' ಅಂತ ಮೊನ್ನೆನಽ ಬಾಯಿ ಮಾಡಿ ಹೇಳೇನಿ, ಸಂಶೆ ಬರಬಾರದಂತ!

ಫೋನ್... ಎಲ್ಲಿ ಒಗದೆ ಫೋನು? ಈ ಹತ್ತಿ ಹಾಳಾಗಿ ಹೋಗ್ಲಿ... ಸಿಕ್ತು. ಎತ್ತು. ಎತ್ತಽ, ಎತ್ತು, ಎತ್ತು...

ಮೆರ್ಲಿನ್! ನೆತ್ತಿಗೆ ಏನರ ಹಚ್ಚೀಯೇನು? ಆ ಹಸರು ಮುಚ್ಚಳದ್ದು? ಈಗಾ? ಈಗ ಹಚ್ಚಾಕತ್ತೀಯಾ? ಕೈ ತೆಗಿ! ಕುಂಚಿಗಿ ಬಿಚ್ಚು, ಹರದು ಒಗಿ! ಸಾಬೂನು ಹಾಕಿ ತೊಳಿ, ನೆತ್ತಿ, ಕಿವಿ, ಕುತಿಗಿ, ನಿನ್ನ ಕೈಯನೂ ತೊಳಿ. ಯಾಕಂತ ಕೇಳಬ್ಯಾಡ, ಮೊದಲ ತೊಳಿ! ...ಹೂಂ, ನಾನಽ ಛಲೋ ಅಂದಿದ್ದೆ. ಸುಳ್ಳು ಹೇಳಿದ್ದೆ. ಡಾಕ್ಟರಿಗೆ ಫೋನ್ ಕೊಡು. ಓಡು!

ಡಾಕ್ಟರ, ಬೆನ್ನಿಗೆ ಸೂಜಿ ಹಾಕಬ್ಯಾಡ್ರಿ, ಅದು ಮೆದುಳು ಜ್ವರಾ ಅಲ್ರಿ. ಕರ್ಪೂರ. ಬರ್ಕೋರಿ. ಮುಲಾಮಿನಾಗ ನೂರಕ್ಕ ಹನ್ನೊಂದು ಪಾಲು. ಒಂದು ಸಲಕ್ಕ ಒಂದು ಗ್ರಾಂ ಮ್ಯಾಲ, ದಿನಕ್ಕ ನಾಕು ಸಲ, ನೆತ್ತಿ ಮ್ಯಾಲ, ಮುಚ್ಚಿ. ಹೂಂರಿ... ಮುಚ್ಚಿ. ಡಬ್ಬಿ ಅಲ್ಲೇ ಐತಿ, ನಿಮ್ಮ ಕೈಯಾಗ ಇಟಗೋರಿ, ಯಾರಿಗೂ ಕೊಡಬ್ಯಾಡ್ರಿ. ನನಗೂ.

ಯಾರು ಹಚ್ಚಾಕ ಹೇಳಿದ್ರಂತನ್ರಿ? ನಿಮ್ಮ ಕಾಗದದಾಗ ಬರದೈತಲ್ಲ, 'ಅಜ್ಜಿಯ ಮನಿಮದ್ದು' ಅಂತ. ನಾನಽ ಬರಿಸಿದ್ದು ಅದು. ಅದನ್ನ ಹೊಡದುಹಾಕ್ರಿ. ಅಜ್ಜಿ ಎರಡು ಸಲ ಕೇಳಿದ್ಲು. ಹೊಡದುಹಾಕಿ ನನ್ನ ಹೆಸರು ಬರೀರಿ. ವಿಲಿಯಂ. ಕೂಸಿನ ಅಪ್ಪ.