ಮಲಕವ್ವನ ತೋಳಿನ ಪಟ್ಟಿ

ಸ್ಮಶಾನದಾಗ ಒಬ್ಬನ ಮಲಗಿ ಪೈಜ್ ಗೆದ್ದ ಗಂಡು ನಾ. ನಮ್ಮೂರು ಪಾಲಬಾವ್ಯಾಗ ಯಾರನ್ನರ ಕೇಳ್ರಿ. ಆದ್ರ ರಾತ್ರಿ ಆ ಹೊಲದ ಬಾವಿ ದಾಟಂದ್ರ... ಇಲ್ಲ. ನಮ್ಮ ಅತ್ತಿ ಮಗ ಕಾಡಸಿದ್ದ ದಾಟ್ಯಾನ.

ಅವನ ತಾಯಿ ಮಲಕವ್ವಗ ಕಿಡ್ನಿ ಆಪರೇಶನ್ ಆದಾಗ ತೋಳಿಗೆ ಒಂದು ಸಣ್ಣ ಚೌಕ ಪಟ್ಟಿ ಅಂಟಿಸಿದ್ರು. ಹೊಸ ಪ್ರಯೋಗ. ಒಳಗ ಡಿಎನ್‌ಎ ಎಳಿ. ರಕ್ತದಾಗ ನಂಜಿನ ಹುಳ ಹೊಕ್ಕರ ಅದಕ್ಕ ಮೊದಲ ಗೊತ್ತಾಗತೈತಿ. ಜೋಡಿ ಒಂದು ಡಬ್ಬಿ. ಪಟ್ಟಿ ಮೊಳದೊಳಗ ಇದ್ರಷ್ಟ ಅದು ಮಾತಾಡೂದು. ಆರಾಮಿದ್ರ ಒಂದ 'ಟಿಕ್', ಹಸಿರು ದೀಪ. ನಂಜಿದ್ರ 'ಟಿಕ್-ಟಿಕ್', ಕೆಂಪು.

ಮುದುಕಿ ಒಂದಿನ ಎದಿ ನಿಂತು ಸತ್ತಳು. ಕುರಿ ಕಾಯೋ ಮಂದಿ ನಾವು, ಸತ್ತವರನ್ನ ಹೂಳತೀವಿ. ಮೈಮ್ಯಾಲಿಂದು ಕೀಳಬಾರದು ಅಂದ್ರು ಹಿರೇರು. ಪಟ್ಟಿ ಸಮೇತ ಅವರ ಹೊಲದ ಬಾವಿ ಬಾಜೂ ಹೂತ್ರು.

ಒಂಬತ್ತನೇ ದಿನ ಕಾಡಸಿದ್ದ ಡಬ್ಬಿ ಹೊಳ್ಳಿ ಕೊಡಾಕ ರಾಯಬಾಗಕ್ಕ ಹೋದ. ದವಾಖಾನಿ ಕಿಟಕಿ ಮುಚ್ಚಿತ್ತು. ಕಡೀ ಬಸ್ಸಿಗೆ ಡಬ್ಬಿ ತಗೊಂಡ ಬಂದ. ಬಾವಿ ದಾಟಿದ.

ಟಿಕ್.

ಚೀಲದಾಗ ಹಸಿರು ಬೆಳಕು. ತಗದು ನೋಡಿದ. ಪರದೆ ಮ್ಯಾಲ ಹೆಸರು... ಮಲಕವ್ವ.

ಅಂವ ಓಡಿದ. ಮುದುಕಿ ಬದುಕಿದ್ದಾಗ ಬಲಗಾಲು ಎಳಕೊಂಡು ನಡೀತಿದ್ಲು. ಹಿಂದ ಮಣ್ಣಾಗ ಅದ ಸಪ್ಪಳ. ಸರ್ರ್... ಧಪ್. ಸರ್ರ್... ಧಪ್. ಎಷ್ಟ ಓಡಿದ್ರೂ ಡಬ್ಬಿ ಒಂದೊಂದ ಟಿಕ್, ಹಸಿರು. ಮೊಳದಷ್ಟ ಅಂತರ.

ಹೆಂಡತಿ ಸುಜಾತಾ ಬಾಗಲಾ ತಗದು ಪಿಸುಗುಟ್ಟಿದಳು.

"ಹಿಂದ ಯಾರ್ ಬಂದಾರ್ರಿ?"

"ಯಾರಿಲ್ಲ. ಅಗಳಿ ಹಾಕ."

"ಹಾಕೀನಿ... ಯಾರೋ ಒಳಗ ದಾಟಿದಂಗಾತು."

ಸರ್ರ್... ಧಪ್. ತೊಟ್ಟಲ ಕಡೆ. ತೊಟ್ಟಲದಾಗ ವರ್ಷದ ಕೂಸು ಉಜ್ವಲಾ. ಕಾಡಸಿದ್ದ ಡಬ್ಬಿ ಹಿಡದು ಬಗ್ಗಿದ.

ಟಿಕ್-ಟಿಕ್. ಟಿಕ್-ಟಿಕ್. ಕೆಂಪು. ಹೆಸರು ಮಾತ್ರ ಅದ... ಮಲಕವ್ವ.

"ಯವ್ವಾ... ಕೂಸಿನ್ನ ಬಿಡಬೇ..."

ಸುಜಾತಾ ಕೂಸಿನ ಹಣಿ ಮುಟ್ಟಿದಳು. "ಅಯ್ಯ! ಮೈ ಸುಡಾಕತ್ತೈತ್ರಿ! ಸಂಜೀಕ ಆಡಾಕತ್ತಿತ್ತು!"

ನನ್ನ ಎಬ್ಬಿಸಿದ್ರು. ನನ್ನಂಗ ಬೈಕ್ ಹೊಡಿಯಾವ ತಾಲೂಕಿನಾಗ ಇಲ್ಲ. ಕೂಸಿನ್ನ ರಾತ್ರೋರಾತ್ರಿ ರಾಯಬಾಗದ ದವಾಖಾನಿಗೆ ಮುಟ್ಟಿಸಿದೆ.

ಡಾಕ್ಟರ್ ರಕ್ತ ನೋಡಿ ಅಂದ್ರು, "ನಂಜು ಏರೇತಿ. ಬೆಳಗಾಗಿದ್ರ ಕೂಸು ಇರ್ತಿದ್ದಿಲ್ಲ." ಸೂಜಿ ಹಾಕಿದ್ರು. ಉಳೀತು.

ಆಮ್ಯಾಲ ಕೂಸಿನ ತೋಳು ಹೊಳ್ಳಿಸಿ ಕೇಳಿದ್ರು, "ಪಟ್ಟಿ ಯಾರ್ ಕಿತ್ತೀರಿ?"

ಆ ಕೂಸಿಗೆ ಯಾರೂ, ಯಾವತ್ತೂ ಪಟ್ಟಿ ಹಚ್ಚಿದ್ದಿಲ್ಲ. ನಾ ಅಲ್ಲೇ ನಿಂತಿದ್ದೆ, ಕಣ್ಣಾರೆ ನೋಡೀನಿ. ತೋಳ ಮ್ಯಾಲ ಚೌಕ ಗುರುತು. ಅದರ ನಾಕೂ ಅಂಚಿಗೆ ಹಸಿ ಮಣ್ಣು.