ಎಂಟರವರೆಗೆ ಎಣಿಸಬಲ್ಲವನು

2013ರ ಡಿಸೆಂಬರ್ 22, ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಕೆನಡಾದ ಪಿಕರಿಂಗಿನ ನನ್ನ ಮನೆಯ ನಡುಕೋಣೆಯಲ್ಲಿ ಹನ್ನೊಂದು ಮಂದಿ ಇದ್ದೆವು: ನಾನು, ಎದುರು ಮನೆಯ ರಮೇಶನ ಸಂಸಾರದ ಐವರು, ನನ್ನ ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ತೃಪ್ತಿ, ಅವಳ ಕಾಲೇಜಿನ ನಾಲ್ವರು. ಹಿಂದಿನ ದಿನದಿಂದ ಬೀಳುತ್ತಿದ್ದ ಮಳೆ ಮುಟ್ಟಿದಲ್ಲೆಲ್ಲ ಗಾಜಿನಂತೆ ಹೆಪ್ಪುಗಟ್ಟಿತ್ತು. ಅದರ ಭಾರಕ್ಕೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದು ಬೀದಿಗೆ ಬೀದಿಯೇ ಕತ್ತಲಾಗಿತ್ತು. ಸೌದೆ ಉರಿಸುವ ಒಲೆ ಇದ್ದದ್ದು ನನ್ನೊಬ್ಬನ ಮನೆಯಲ್ಲಿ. ಅವರು ಬಂದದ್ದು ಬೆಂಕಿಗಾಗಿ, ನನಗಾಗಿ ಅಲ್ಲ. ಈ ವಿಷಯದಲ್ಲಿ ನನಗೆ ಭ್ರಮೆಯಿಲ್ಲ.

ರಮೇಶನ ಮಗ ಕರಣ್‌ನ ಫೋನು ಸತ್ತುಹೋಗಿತ್ತು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವನು ಎದುರಿಗಿದ್ದವರ ಮುಖ ನೋಡುತ್ತಿದ್ದ. ತೃಪ್ತಿ ಒಂದು ದೆವ್ವದ ಕತೆ ಹೇಳಬೇಕೆಂದು ನನ್ನನ್ನು ಕೇಳಿದಳು. ರಮೇಶ ನಕ್ಕ.

"ಮೇಷ್ಟ್ರ ಹತ್ರ ದೆವ್ವದ ಕತೆ ಎಲ್ಲಿಂದ ಬರ್ಬೇಕು? ಅವರನ್ನ ಕಂಡ್ರೆ ಅದೇ ಓಡ್‌ಹೋಗತ್ತೆ."

ನಾನು ಈ ದೇಶದಲ್ಲಿ ಮೂವತ್ತೊಂದು ವರ್ಷ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸಿದವನು. ಉತ್ತರ ಗೊತ್ತಿಲ್ಲದ ಲೆಕ್ಕವನ್ನು ಹಲಗೆಯ ಮೇಲೆ ಎಂದೂ ಬರೆದಿಲ್ಲ. ಅಂದು ಬರೆದೆ. ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ಇಡುತ್ತಿದ್ದೇನೆ.

ಕೇಳಿ. ಮೂರು ವರ್ಷ ನಾಲ್ಕು ತಿಂಗಳ ಹಿಂದೆ, 2010ರ ಆಗಸ್ಟಿನಲ್ಲಿ, ಈ ಸುತ್ತಿನ ಊರುಗಳ ನಾವು ಎಂಟು ಜನ ಆಫ್ರಿಕಾಕ್ಕೆ ಹೋಗಿದ್ದೆವು. ವುಡ್‌ಬ್ರಿಡ್ಜಿನ ಡಾಕ್ಟರ್ ರಾಜಶೇಖರ, ಅವನ ಹೆಂಡತಿ ರಾಜೇಶ್ವರಿ, ವಿಟ್ಬಿಯ ಇಂಜಿನಿಯರ್ ಚಂದ್ರಮೋಹನ, ಮಾರ್ಕಮ್ಮಿನ ಪ್ರೊಫೆಸರ್ ಭಾಸ್ಕರ, ಅವರಿಬ್ಬರ ಹೆಂಡಿರು, ಅಲ್ಲಿಗೆ ಆರು. ಹೆಂಡತಿ ಸತ್ತವರು ಇಬ್ಬರು, ತಿಪ್ಪಣ್ಣ ಮತ್ತು ನಾನು. ಎಂಟು ಜನ, ಐದು ಮನೆ. ಈ ಐದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೋಟ್ಸ್ವಾನಾದಲ್ಲಿ ಚೋಬೆ ಎಂಬ ನದಿ. ಅದರ ಮೇಲೆ ಐದು ಕೋಣೆಗಳ ಒಂದು ಹೌಸ್‌ಬೋಟು. ಹಗಲೆಲ್ಲ ಲಾರಿಯಷ್ಟು ಎತ್ತರದ ತೆರೆದ ಗಾಡಿಯಲ್ಲಿ ಕಾಡು ಸುತ್ತುವುದು, ಸಂಜೆ ನದಿಗೆ ಬಂದು ಬೋಟಿನಲ್ಲಿ ಮಲಗುವುದು... ಹತ್ತು ದಿನದ ಏರ್ಪಾಡು. ಎಂಥ ನದಿ ಅಂತೀರಿ! ಸಂಜೆಯಾದರೆ ನೂರು, ಇನ್ನೂರು ಆನೆಗಳು ಸಾಲಾಗಿ ಇಳಿದು ಬಂದು, ಮರಿಗಳನ್ನು ನಡುವೆ ಇಟ್ಟುಕೊಂಡು ಮೌನವಾಗಿ ನೀರು ಕುಡಿಯುತ್ತವೆ. ನಮ್ಮವರು ಏನು ಮಾಡಿದರು? ರಾಜಶೇಖರ ಆನೆಗಳಿಗೆ ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಂಡ. ಚಂದ್ರಮೋಹನ ಮತ್ತು ಭಾಸ್ಕರ ವಿಟ್ಬಿಯಲ್ಲಿ ಮನೆಯ ಬೆಲೆ ಎಷ್ಟು ಏರಿತು ಎಂದು ವಾದ ಮಾಡಿದರು. ಹೆಂಗಸರು ಚಕ್ಕುಲಿ ಮೆತ್ತಗಾಯಿತು ಎಂದು ಚಿಂತೆ ಮಾಡಿದರು. ಸಿಂಹ ಕಾಣದ ದಿನ ದುಡ್ಡು ವಾಪಸು ಕೇಳಬೇಕು ಎಂದವನು ತಿಪ್ಪಣ್ಣ. ನಾನೇನು ಮಾಡಿದೆ? ಇವರನ್ನೆಲ್ಲ ಮನಸ್ಸಿನಲ್ಲಿ ತಿರಸ್ಕರಿಸುತ್ತಾ ಕೂತಿದ್ದೆ. ಅದೂ ಆನೆ ನೋಡುವ ಕೆಲಸವಲ್ಲ.

ನಮ್ಮ ಮಾರ್ಗದರ್ಶಿಯ ಹೆಸರು ತೆಬೋಗೊ. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಗಾಡಿ ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ, ಬೋಟು ಸೇರಿದಾಗ ಒಮ್ಮೆ ನಮ್ಮ ತಲೆಗಳನ್ನು ಎಣಿಸುತ್ತಿದ್ದ. ಒಂದು ತಲೆ ಕಡಿಮೆಯಾದರೆ ಅವನ ಅನ್ನಕ್ಕೆ ಕುತ್ತು ನೋಡಿ. ಎಣಿಕೆಯಲ್ಲಿ ಇಷ್ಟು ನಿಷ್ಠೆ ಇರುವವನನ್ನು ನಾನು ಹೆಚ್ಚು ಕಂಡಿಲ್ಲ. ಹಾಗಾಗಿ ಅವನಿಗೆ ಕನ್ನಡದಲ್ಲಿ ಎಣಿಸಲು ಹೇಳಿಕೊಟ್ಟೆ. ಒಂದು, ಎರಡು, ಮೂರು... ಎರಡೇ ದಿನದಲ್ಲಿ ಕಲಿತ. ಎಂಟಕ್ಕೆ ಬಂದು ನಿಂತು, ಎಂಟರ ಮುಂದೆ ಏನು ಎಂದು ಕೇಳಿದ. ನಾವಿರುವುದು ಎಂಟು, ನಿನಗೆ ಅಷ್ಟು ಸಾಕು, ಬೇಕಿದ್ದರೆ ನಾಳೆ ಹೇಳಿಕೊಡುತ್ತೇನೆ ಎಂದೆ.

ಬೋಟಿನಲ್ಲಿ ಇದ್ದವರು ಎಂಟಲ್ಲ. ಅವನೂ ಇದ್ದ. ಇದು ಆಗ ನನಗೆ ಹೊಳೆಯಲಿಲ್ಲ... ಗಣಿತದ ಮೇಷ್ಟ್ರು ನಾನು.

ಇನ್ನೊಂದು ಮಾತು. ನಮ್ಮ ಜನರ ಒಂದು ಚಾಳಿ ನಿಮಗೆ ಗೊತ್ತೇ ಇದೆ. ಅಂಗಡಿಯಲ್ಲಿ ಸಿಕ್ಕವರನ್ನು, ಬಸ್ಸಿನಲ್ಲಿ ಸಿಕ್ಕವರನ್ನು, ಹೆಸರು ಮರೆತವರನ್ನೂ ಬಿಡದೆ ಊಟಕ್ಕೆ ಕರೆಯುತ್ತೇವೆ. ವಿಳಾಸ ಕೊಡುವುದಿಲ್ಲ, ದಿನ ಹೇಳುವುದಿಲ್ಲ. ಬರುವುದಿಲ್ಲ ಎಂಬ ಧೈರ್ಯದ ಮೇಲೆ ಕರೆಯುವುದು ಅದು. ರಾಜಶೇಖರ ಒಂದು ಸಂಜೆ ತೆಬೋಗೊನ ಭುಜ ತಟ್ಟಿ, ಕೆನಡಾಕ್ಕೆ ಬಾ, ನಮ್ಮ ಐವರಲ್ಲಿ ಯಾರ ಮನೆಗಾದರೂ ಬಾ, ಎಲ್ಲವೂ ನಿನ್ನ ಮನೆಯೇ, ಊಟ ಮಾಡದೆ ಕಳಿಸುವುದಿಲ್ಲ ಎಂದ. ಎಲ್ಲರೂ ತಲೆಯಾಡಿಸಿದರು. ಅವನು ಚೀಟಿ ತಂದು ಐದು ವಿಳಾಸಗಳನ್ನೂ ಬರೆಸಿಕೊಂಡ! ಮೊದಲನೆಯದು ರಾಜಶೇಖರನದು, ಕೊನೆಯದು ನನ್ನದು. ಎಷ್ಟು ದೂರ ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಲೆಕ್ಕ ಹಾಕಿ ಹೇಳಿದೆ: ಹನ್ನೆರಡು ಸಾವಿರ ಕಿಲೋಮೀಟರು, ನಡೆದರೆ ದಿನಕ್ಕೆ ಐವತ್ತು, ಇನ್ನೂರ ನಲವತ್ತು ದಿನ, ಅಂದರೆ ಎಂಟು ತಿಂಗಳು. ನಡುವೆ ಸಮುದ್ರವಿದೆ ಎಂದು ಹೇಳಲಿಲ್ಲ. ಅವನು ಎಂಟು ತಿಂಗಳು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದುಕೊಂಡ.

ಆಗಸ್ಟ್ 22. ಮಧ್ಯಾಹ್ನ ನದಿಯ ಆಚೆ ದಡದಲ್ಲಿ ಮರದ ಕೆಳಗೆ ಊಟ ಮಾಡಿ, ಗಾಡಿಯಲ್ಲಿ ಸುತ್ತಿ, ಹೊತ್ತು ಮುಳುಗುವಾಗ ಬೋಟಿಗೆ ಬಂದೆವು. ತಲೆ ಎಣಿಸಿಯಾಯಿತು, ಎಂಟು. ಆಗ ರಾಜೇಶ್ವರಿಗೆ ನೆನಪಾಯಿತು, ಸ್ಟೀಲಿನ ಡಬ್ಬಿ ಮರದ ಕೆಳಗೇ ಉಳಿಯಿತು ಎಂದು. ಅದರಲ್ಲಿದ್ದದ್ದು ಚಕ್ಕುಲಿ. ಬೆಳಿಗ್ಗೆ ತರುತ್ತೇನೆ, ಈ ಹೊತ್ತಿನಲ್ಲಿ ನೀರಾನೆಗಳು ದಡ ಹತ್ತುತ್ತವೆ, ಸಣ್ಣ ದೋಣಿಯಲ್ಲಿ ಹೋಗಬಾರದು ಎಂದ ತೆಬೋಗೊ. ಆಗ ರಾಜಶೇಖರ ಒಂದು ಮಾತು ಹೇಳಿದ. ಅದನ್ನು ಹಾಗೇ ಹೇಳುತ್ತೇನೆ.

"ಅದರಲ್ಲಿ ನನ್ನ ಹಾರ್ಟಿನ ಮಾತ್ರೆ ಇದೆ. ರಾತ್ರಿ ಏನಾದ್ರೂ ಆದ್ರೆ ನೀನೇ ಜವಾಬ್ದಾರಿ."

ಮಾತ್ರೆ ಅವನ ಅಂಗಿಯ ಜೇಬಿನಲ್ಲಿತ್ತು. ಊಟವಾದ ಮೇಲೆ ಅವನು ಅಲ್ಲಿಂದ ತೆಗೆದು ನುಂಗಿದ್ದನ್ನು ನಾನು ನೋಡಿದ್ದೆ. ಜೇಬು ನೋಡಿಕೋ ರಾಜಶೇಖರ... ನಾಲ್ಕು ಅಕ್ಷರ, ಐದು ಅಕ್ಷರ, ಅಷ್ಟು ಸಾಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಅವರ ಕ್ಷುಲ್ಲಕ ವ್ಯವಹಾರದಲ್ಲಿ ಬಾಯಿ ಹಾಕುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡೆ.

ತೆಬೋಗೊ ಹೋದ. ಬೆಳಿಗ್ಗೆ ದೋಣಿ ಜೊಂಡಿನಲ್ಲಿ ಮಗುಚಿಕೊಂಡು ಸಿಕ್ಕಿತು. ಡಬ್ಬಿ ಅದರ ಹಲಗೆಗೆ ಹಗ್ಗದಿಂದ ಬಿಗಿದ ಹಾಗೆಯೇ ಇತ್ತು. ಅವನು ಸಿಗಲಿಲ್ಲ.

ವಿಚಾರಣೆಗೆ ಬಂದವರು ಇವನನ್ನು ಯಾರು ಕಳಿಸಿದರು ಎಂದು ಕೇಳಿದರು. ಯಾರೂ ಕಳಿಸಲಿಲ್ಲ, ಬೇಡವೆಂದರೂ ತಾನಾಗಿ ಹೋದ ಎಂದು ಭಾಸ್ಕರ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದ. ಎಂಟು ಸಹಿ ಬಿದ್ದವು, ಎಂಟನೆಯದು ನನ್ನದು. ತಾನಾಗಿ ಹೋದವನ ಹೆಂಡತಿಗೆ ಸಫಾರಿ ಕಂಪನಿ ಏನೂ ಕೊಡಬೇಕಾಗಿಲ್ಲವಂತೆ. ಮಧ್ಯಾಹ್ನ ನಾವು ಜಿರಾಫೆ ನೋಡಲು ಹೋದೆವು.

ಇಲ್ಲಿಯವರೆಗೆ ದೆವ್ವ ಎಲ್ಲಿ ಎಂದು ಕೇಳುತ್ತೀರಿ. ಬರುತ್ತಿದೆ... ಎಂಟು ತಿಂಗಳ ದಾರಿ, ತಾಳಿ.

2011ರ ಏಪ್ರಿಲ್ 22, ಗುಡ್ ಫ್ರೈಡೇ ರಜೆ, ಬೆಳಗಿನಿಂದ ಮಳೆ. ರಾಜಶೇಖರ ತನ್ನ ಮನೆಯಲ್ಲಿ ಇಪ್ಪತ್ತು ಜನರನ್ನು ಸೇರಿಸಿ ಸಫಾರಿಯ ಫೋಟೋಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದ. ನಾವೆಲ್ಲರೂ ಇದ್ದೆವು. ಮುನ್ನೂರ ಹನ್ನೆರಡು ಫೋಟೋ, ಒಂದರಲ್ಲೂ ತೆಬೋಗೊ ಇಲ್ಲ. ಇರುವುದಾದರೂ ಹೇಗೆ? ಎಲ್ಲವನ್ನೂ ತೆಗೆದವನು ಅವನೇ. ಎಂಟು ಜನರೂ ಸಾಲಾಗಿ ನಿಂತ ಫೋಟೋ ಬಂದಾಗ ಬಾಗಿಲು ಬಡಿದ ಸದ್ದಾಯಿತು. ಹೊರಗಿನಿಂದ ಯಾರೋ ನಿಧಾನವಾಗಿ, ಕನ್ನಡದಲ್ಲಿ, ಕನ್ನಡ ನಾಲಿಗೆಯದಲ್ಲದ ಉಚ್ಚಾರದಲ್ಲಿ ಎಣಿಸುತ್ತಿದ್ದರು. ಒಂದು... ಎರಡು... ಮೂರು... ಎಂಟಕ್ಕೆ ನಿಲ್ಲಿಸಿ, ಕಾಯ್ದು, ಮತ್ತೆ ಒಂದು.

ರಾಜಶೇಖರನ ಮುಖ ಸುಣ್ಣವಾಯಿತು. ಏನು ಮಾಡಿದ ಗೊತ್ತೇನು? ಚಂದಾ ಕೇಳುವವರು ಬಂದಾಗ ನಾವು ಏನು ಮಾಡುತ್ತೇವೋ ಅದನ್ನೇ. ದೀಪವನ್ನೆಲ್ಲ ಆರಿಸಿ ಬಾಯಿಯ ಮೇಲೆ ಬೆರಳಿಟ್ಟ. ಮನೆಯಲ್ಲಿ ಯಾರೂ ಇಲ್ಲ ಎಂಬಂತೆ ಇಪ್ಪತ್ತು ಜನ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತರು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದು ದೂರವಾಯಿತು. ದೀಪ ಹಾಕಿದರು, ಉಪ್ಪಿಟ್ಟು ಬಡಿಸಿದರು.

ಮರುವಾರ ಅವನ ಮಗಳು ನೀನಾ ತಂದೆಯನ್ನು ನೋಡಲು ಬಂದಳು. ಮನೆ ಕತ್ತಲು. ಬೆಲ್ಲು ಒತ್ತಿದಳು, ಕರೆದಳು, ಫೋನು ಮಾಡಿದಳು. ಒಳಗಿನಿಂದ ತಂದೆ ಹೇಳಿದ ಮಾತನ್ನು ಅವಳೇ ನನಗೆ ಹೇಳಿದ್ದು.

"ಎಲ್ಲಿದೀಯಮ್ಮ ನೀನಾ? ಎಲ್ಲಾ ಲೈಟು ಹಾಕ್ಕೊಂಡು ಬಾಗಿಲಲ್ಲೇ ನಿಂತಿದೀನಿ, ಹೊರಗೆ ಯಾರೂ ಕಾಣ್ತಿಲ್ಲ."

ಅವಳು ಅದೇ ಬಾಗಿಲಿನ ಮೇಲೆ ಕೈಯಿಟ್ಟು ನಿಂತಿದ್ದಳು. ಬೀಗದ ಕೈ ತಿರುಗಲಿಲ್ಲ. ಅಂದಿನಿಂದ ಆ ಮನೆಯೊಳಗೆ ಒಬ್ಬ ಅತಿಥಿಯೂ ಕಾಲಿಟ್ಟಿಲ್ಲ. ಅವನ ಎಪ್ಪತ್ತರ ಹುಟ್ಟುಹಬ್ಬಕ್ಕೆ ಅರವತ್ತು ಜನರನ್ನು ಕರೆದ. ಅರವತ್ತು ಜನವೂ ಹೋಗಿ, ಕತ್ತಲು ಕಂಡು, ಮರೆತು ಎಲ್ಲಿಗೋ ಹೋಗಿದ್ದಾರೆ ಎಂದು ಬೈದುಕೊಂಡು ಹಿಂತಿರುಗಿದರು.

ಬಾಗಿಲಿನಿಂದ ತಿರುಗಿದವನು ಮತ್ತೆ ನದಿಯಿಂದಲೇ ಹೊರಡಬೇಕೇನೋ... ಎಂಟು ತಿಂಗಳಿಗೆ ಚಂದ್ರಮೋಹನನ ಮನೆ, ಇನ್ನೆಂಟಕ್ಕೆ ಭಾಸ್ಕರನದು, ಈ ಏಪ್ರಿಲ್ 22ಕ್ಕೆ ತಿಪ್ಪಣ್ಣನದು. ಎಲ್ಲರೂ ದೀಪ ಆರಿಸಿದರು, ಎಲ್ಲರ ಮನೆಯೂ ಹೊರಗಿನವರಿಗೆ ಕತ್ತಲಾಯಿತು. ನಿನ್ನೆ ತಿಪ್ಪಣ್ಣ ಫೋನು ಮಾಡಿ ಅತ್ತ, ಯಾರಾದರೂ ಬನ್ನಿ ಎಂದ. ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ: ಆಗ ನಾನು ಅವನ ಬಾಗಿಲಲ್ಲೇ ನಿಂತಿದ್ದೆ.

ಈಗ ಲೆಕ್ಕ ನೀವೇ ಮಾಡಿ. ಎಂಟೈದಲಿ ನಲವತ್ತು. 2010ರ ಆಗಸ್ಟ್ 22ಕ್ಕೆ ನಲವತ್ತು ತಿಂಗಳು ಕೂಡಿಸಿದರೆ ಎಷ್ಟು?

ಉತ್ತರ ಹೇಳಿದವನು ಕರಣ್, ಸಣ್ಣ ದನಿಯಲ್ಲಿ.

"ಟುಡೇ, ತಾತಾ."

ಇವತ್ತು. ಶುಕ್ರವಾರ ಎರಡು ಪತ್ರ ಹಾಕಿದ್ದೇನೆ, ಒಂದು ಆ ಕಂಪನಿಗೆ, ಒಂದು ತೆಬೋಗೊನ ಹೆಂಡತಿಗೆ. ಕಳಿಸಿದವರು ಯಾರು, ಜೇಬಿನಲ್ಲಿ ಏನಿತ್ತು, ಸುಮ್ಮನಿದ್ದವನು ಯಾರು, ಎಲ್ಲವನ್ನೂ ಬರೆದಿದ್ದೇನೆ. ಬೆಳಿಗ್ಗೆ ಗ್ಯಾಸಿನ ಮೇಲೆ ಅನ್ನ, ಸಾರು ಮಾಡಿದ್ದೇನೆ. ನೀವು ಬೆಂಕಿ ಕೇಳಿಕೊಂಡು ಬಂದಿರಿ, ನಾನು ಬೇಡವೆನ್ನಲಿಲ್ಲ. ಒಬ್ಬನೇ ಇದ್ದರೆ ದೀಪ ಆರಿಸಿಬಿಡುತ್ತೇನೋ ಎಂಬ ಭಯ ನನಗೆ ಇತ್ತು.

ಕತೆ ಅಷ್ಟೇ. ಗಡಿಯಾರದಲ್ಲಿ ಐದೂಮುಕ್ಕಾಲು. ರಮೇಶ ನಗಲು ಪ್ರಯತ್ನಿಸಿ, ಮೇಷ್ಟ್ರು ಚೆನ್ನಾಗಿ ಹೆದರಿಸಿದರು ಎಂದ. ಆ ಮಾತು ಮುಗಿಯುವ ಮೊದಲು ಬಾಗಿಲು ಬಡಿದ ಸದ್ದಾಯಿತು. ಕರೆಂಟು ಇದ್ದಿದ್ದರೆ ಬೆಲ್ಲು ಒತ್ತುತ್ತಿದ್ದನೋ ಏನೋ.

ಒಂದು... ಎರಡು... ಮೂರು...

ರಮೇಶನ ಕೈ ಮೇಣದಬತ್ತಿಯ ಕಡೆ ಹೋಯಿತು.

"ಮೇಷ್ಟ್ರೇ, ಆರಿಸಿಬಿಡೋಣ. ಮಕ್ಕಳಿದಾರೆ."

"ಕೈ ತೆಗಿ," ಎಂದೆ.

ಆರು... ಏಳು... ಎಂಟು. ಅವನು ಕಾಯುತ್ತಿದ್ದ. ಹೋಗಿ ಚಿಲಕ ತೆಗೆದೆ. ನದಿಯ ಕೆಸರಿನ ವಾಸನೆ ಒಳಗೆ ಬಂತು, ಆ ಚಳಿಯಲ್ಲಿ.

"ಒಂಬತ್ತು," ಎಂದೆ. "ಒಳಗೆ ಬಾ, ತೆಬೋಗೊ. ಊಟಕ್ಕೆ ಹೊತ್ತಾಯಿತು."

ಯಾರಿಗೂ ಏನೂ ಕಾಣಲಿಲ್ಲ. ಊಟ ನಡೆಯಿತು. ಆಮೇಲೆ ತೃಪ್ತಿ ಪಾತ್ರೆ ತೊಳೆದಳು. ಎಂಜಲು ತಟ್ಟೆಗಳನ್ನು ಎರಡು ಸಲ ಎಣಿಸಿ ನನ್ನ ಮುಖ ನೋಡಿದಳು. ಹನ್ನೆರಡು ಎಂದು ನಾನೇ ಹೇಳಿದೆ. ನನ್ನ ಪಾಲಿನದು ತೀರಿತು.

ಉಳಿದ ನಾಲ್ಕು ಮನೆಗಳದು ತೀರಿಲ್ಲ. ಮಾರ್ಚ್ ತಿಂಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಬೀದಿಗಳಲ್ಲಿ ಕರೆಂಟು ಬಂದು ಎಷ್ಟೋ ಕಾಲವಾಯಿತು. ವುಡ್‌ಬ್ರಿಡ್ಜಿನಲ್ಲಾಗಲಿ ವಿಟ್ಬಿಯಲ್ಲಾಗಲಿ ನೀವು ಸಂಜೆ ಹೊತ್ತು ಹೋಗುವಾಗ, ಬೆಳಕಿರುವ ಸಾಲಿನ ನಡುವೆ ಒಂದೇ ಒಂದು ಮನೆ ಕತ್ತಲಾಗಿ ಕಂಡರೆ ಅದು ಖಾಲಿ ಎಂದುಕೊಳ್ಳಬೇಡಿ. ಒಳಗೆ ಎಲ್ಲ ದೀಪಗಳೂ ಉರಿಯುತ್ತಿವೆ, ತಟ್ಟೆ ಹಾಕಿದೆ, ಬಾಗಿಲ ಹಿಂದೆ ಒಬ್ಬರು ನಿಂತು ನಿಮ್ಮನ್ನೇ ಕಾಯುತ್ತಿದ್ದಾರೆ.